ದೋಣಿಗೊಂದು ಮಾಡು

ಮನೆ ಕಟ್ಟುವ ಕಥೆ, ಕಂತು 9
(ಎಂಟು ಫೋಟೋ ಇವೆ. ಒಂದೊಂದಾಗಿ ಸರಿಸ್ತಾ ಓದಿ.)

1/8 👉

ಇದು ನಮ್ಮ ಹೊಸ ಮನೆಯ ಮೂರನೇ ನಕ್ಷೆ. ಎಡಗಡೆ ಕೆಂಪು ಪೆನ್ನಿನಲ್ಲಿ ಎಳೆದ ಉದ್ದದ ಪೆಟ್ಟಿಗೆ ಕಾಣ್ತದಲ್ಲ, ಅದೇ ನಮ್ಮ ಗ್ಯಾರೇಜು. 32 ಅಡಿ ಉದ್ದ, 12 ಅಡಿ ಅಗಲ. ಮನೆಯ ಹಾಲ್ 16ಕ್ಕೆ 14. ಅಂದ್ರೆ ಗ್ಯಾರೇಜೇ ದೊಡ್ಡದು.

ಈ ಅಳತೆ ಹೇಳಿದ ದಿನ ಎಂಜಿನಿಯರ್ ಕೇಳಿದ್ರು, "ಎಷ್ಟು ಕಾರು ಉಂಟು ನಿಮ್ಮಲ್ಲಿ?"

ಒಂದೂ ಇಲ್ಲ. ಇರೋದು ಒಂದು ಸ್ಕೂಟರು, ಒಂದು ದೋಣಿ.

ನಕ್ಷೆಯಲ್ಲಿ "ಕಾರ್ ಪೋರ್ಚ್" ಅಂತಲೇ ಅಚ್ಚಾಗಿ ಬಂದಿತ್ತು. ಅಪ್ಪಯ್ಯ ಅದನ್ನು ಹೊಡೆದುಹಾಕಿ "ದೋಣಿ ಮಾಡು" ಅಂತ ಬರೆದಿದ್ದಾರೆ. ಘಟ್ಟದ ಮೇಲಿನ ಸ್ನೇಹಿತರಿಗೆ ಒಂದು ಮಾತು: ನಮ್ಮ ಕಡೆ ಮಾಡು ಅಂದ್ರೆ ಸೂರು.

2/8

ದೋಣಿಯ ಪರಿಚಯ ಮಾಡಿಸ್ತೇನೆ. 24 ಅಡಿಯ ಫೈಬರ್ ದೋಣಿ, ಅಗಲ 6 ಅಡಿ, ಹಿಂದೆ 9.9 ಎಚ್‌ಪಿಯ ಔಟ್‌ಬೋರ್ಡ್ ಎಂಜಿನ್. ಅಪ್ಪಯ್ಯ ಸಮುದ್ರಕ್ಕೆ ಹೋಗೋದು ಬಿಟ್ಟು ಬಹಳ ಕಾಲ ಆಯ್ತು. ಈಗ ಹೊಳೆ ಮಾತ್ರ. ಗಂಗೊಳ್ಳಿ ಅಳಿವೆಯಿಂದ ಸ್ವಲ್ಪ ಒಳಗೆ, ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಸೇರಿ ಪಂಚಗಂಗಾವಳಿ ಆಗ್ತದಲ್ಲ, ಆ ನೀರಲ್ಲಿ. ಕಾಣೆ, ಏಡಿ, ಸಿಗಡಿ. ಮನೆಗೆ ಸಾಕಾಗಿ ಮಿಕ್ಕಿದ್ದು ಪೇಟೆಗೆ.

ದೊಡ್ಡ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಿಷೇಧ. 10 ಎಚ್‌ಪಿ ಒಳಗಿನ ನಾಡದೋಣಿಗೆ ಅದು ಇಲ್ಲ. ಆದ್ರೆ ಕಾನೂನು ಬಿಟ್ರೂ ಹೊಳೆ ಬಿಡ್ಬೇಕಲ್ಲ! ಮಳೆಗಾಲದ ಕೆಂಪು ನೀರಿನಲ್ಲಿ ಮರದ ದಿಮ್ಮಿಗಳು ತೇಲಿ ಬರ್ತವೆ. ಹಾಗಾಗಿ ಮೇ ಕೊನೆಗೆ ದೋಣಿ ಮೇಲೆ, ನೂಲ ಹುಣ್ಣಿಮೆ ಕಳೆದ ಮೇಲೆ ಕೆಳಗೆ. ಮಧ್ಯದ ಮೂರು ತಿಂಗಳು ಮಡಲಿನ ಚಪ್ಪರದ ಕೆಳಗೆ, ಮೇಲೊಂದು ಟಾರ್ಪಾಲು.

ಕಳೆದ ವರ್ಷ ಮೇಲೆ ಬಂದ ದೋಣಿ ಕೆಳಗೆ ಹೋಗಲೇ ಇಲ್ಲ.

3/8

ಊರಲ್ಲಿ ಎಲ್ಲರೂ ಹೇಳಿದ್ದು ಒಂದೇ. "ವಯಸ್ಸಾಯ್ತಲ್ಲ, ಮೊಣಗಂಟು ಬೇರೆ." ಅಪ್ಪಯ್ಯನಿಗೆ 67. ಮೊಣಗಂಟು ನೋವು ಇರೋದೂ ಹೌದು. ಆದ್ರೆ ದೋಣಿಯಲ್ಲಿ ಕೂತು ಬಲೆ ಬಿಡೋಕೆ ಮೊಣಗಂಟು ಅಷ್ಟೇನೂ ಅಡ್ಡ ಬರೋದಿಲ್ಲ.

ಖಾಲಿ ದೋಣಿಯೇ ನಾಲ್ಕು ಕ್ವಿಂಟಾಲಿನ ಮೇಲೆ ತೂಗ್ತದೆ. ತೆಂಗಿನ ಕೊರಡು ಅಡಿಗೆ ಹಾಕಿ ದೂಡೋಕೆ ಆರು ಜನ ಬೇಕು. ಮೊದಲು ಒಂದು ಕೂಗು ಹಾಕಿದ್ರೆ ಹತ್ತು ಜನ ಬರ್ತಿದ್ರು. ಈಗ ಆ ಹತ್ತು ಜನರಲ್ಲಿ ಕೆಲವರು ಬೆಂಗಳೂರಿನ ಹೋಟೆಲ್‌ಗಳಲ್ಲಿ, ಕೆಲವರು ಗಲ್ಫ್‌ನಲ್ಲಿ, ಇಬ್ಬರು ದೊಡ್ಡ ಬೋಟಿನಲ್ಲಿ ವಾರಗಟ್ಟಲೆ ಸಮುದ್ರದಲ್ಲಿ. ಕಳೆದ ಆಗಸ್ಟಿನಲ್ಲಿ ಮೂರು ಭಾನುವಾರ ಕಾದ್ವಿ. ಒಂದು ಸಲವೂ ನಾಲ್ಕು ಜನಕ್ಕಿಂತ ಹೆಚ್ಚು ಸೇರಲಿಲ್ಲ. ನಾಲ್ಕನೇ ಭಾನುವಾರ ಅಪ್ಪಯ್ಯ ಯಾರನ್ನೂ ಕರೀಲಿಲ್ಲ.

ಅಂದ್ರೆ ಅಪ್ಪಯ್ಯನಿಗೆ ವಯಸ್ಸಾಯ್ತು ಅಂತ ದೋಣಿ ನಿಂತದ್ದಲ್ಲ. ಆರು ಜನ ಸಿಗದೆ ನಿಂತದ್ದು. ಇವೆರಡೂ ಬೇರೆ ಬೇರೆ ವಿಷಯ. ವಯಸ್ಸಿಗೆ ಮದ್ದಿಲ್ಲ. ಇನ್ನೊಂದಕ್ಕೆ ಸರಿಯಾದ ಗ್ಯಾರೇಜು ಸಾಕು.

ಹಾಗಾಗಿ ನಾನು ಎಂಜಿನಿಯರಿಗೆ ಕೊಟ್ಟದ್ದು ಒಂದೇ ಷರತ್ತು. ದೋಣಿ ಒಳಗೆ ಹಿಡಿಸೋದು ಮುಖ್ಯ ಅಲ್ಲ. ಇಬ್ಬರೇ ಸೇರಿ ಹೊರಗೆ ತೆಗೀಲಿಕ್ಕೆ ಆಗ್ಬೇಕು. ಅಪ್ಪಯ್ಯ ಮತ್ತು ನಾನು.

4/8

ಅಳತೆ ಲೆಕ್ಕ ಬೇಕಾದವರು ಇದನ್ನು ಸೇವ್ ಮಾಡಿಕೊಳ್ಳಿ.

ಉದ್ದ: ದೋಣಿ 24 ಅಡಿ. ಎಂಜಿನ್ ಮೇಲೆತ್ತಿದಾಗ ಹಿಂದೆ 2 ಅಡಿ ಚಾಚ್ತದೆ. ಕೆಳಗಿನ ಗಾಡಿಯ ಎಳೆಯುವ ಹಿಡಿ ಮುಂದೆ 2 ಅಡಿ. ಅಲ್ಲಿಗೆ 28. ಹಿಂದೆ ಮುಂದೆ ಮನುಷ್ಯ ಓಡಾಡೋಕೆ ತಲಾ 2 ಅಡಿ. 32.

ಅಗಲ: ದೋಣಿ 6 ಅಡಿ. ಮೊದಲ ನಕ್ಷೆಯಲ್ಲಿ ಗ್ಯಾರೇಜು 8 ಅಡಿ ಇತ್ತು. ದೋಣಿ ಹಿಡಿಸ್ತದೆ, ಹೌದು. ಆದ್ರೆ ಪಕ್ಕದಲ್ಲಿ ಒಂದೊಂದೇ ಅಡಿ. ಕೂತು ಫೈಬರ್ ಬಿರುಕು ಉಜ್ಜೋದು, ಬಣ್ಣ ಹೊಡೆಯೋದು ಎಲ್ಲಿ? ಅಪ್ಪಯ್ಯ ನಕ್ಷೆ ನೋಡಿ ಹೇಳಿದ್ದು ಇಷ್ಟೇ: "ದ್ವಾಣಿ ಅಳತಿ ಮಾತ್ರ ಸಾಕಾತಿಲ್ಲೆ ಮಗಾ, ದೂಡುವರ ಅಳತಿಯೂ ತೆಗಿ." ಹಾಗಾಗಿ ಎರಡೂ ಕಡೆ ಮೂರು ಮೂರು ಅಡಿ. 12.

ಎತ್ತರ: ಇದನ್ನು ಬಹಳ ಜನ ಮರೀತಾರೆ. ಗಾಡಿ ಮೇಲೆ ಕೂತ ದೋಣಿಯ ತಳ ನೆಲದಿಂದ ಸುಮಾರು 2 ಅಡಿ ಮೇಲೆ. ಅದರೊಳಗೆ ಮನುಷ್ಯ ನಿಂತು ಕೆಲಸ ಮಾಡ್ಬೇಕಾದ್ರೆ ಇನ್ನೂ 6 ಅಡಿ. ಮೇಲೆ ಜಂತಿಗೆ ಬಲೆ ತೂಗುಹಾಕ್ಬೇಕು. ಕಡಿಮೆ ಅಂದ್ರೂ 10 ಅಡಿ ಬೇಕೇ ಬೇಕು. ನಮ್ಮದು 11.

ನಡುವೆ ಕಂಬ ಇಲ್ಲ. 12 ಅಡಿ ಅಗಲಕ್ಕೆ ನಡುವೆ ಕಂಬ ಬೇಕಾಗೋದೂ ಇಲ್ಲ.

5/8

ಈ ಫೋಟೋದಲ್ಲಿ ಅಪ್ಪಯ್ಯ ಮತ್ತು ಪಕ್ಕದ ಮನೆ ಹುಡುಗ ಹೊತ್ತುಕೊಂಡಿರೋದು ಅಡಿಕೆ ಮರದ ದಬ್ಬೆಯ ಚೌಕಟ್ಟು. 28 ಅಡಿ ಉದ್ದ, 6 ಅಡಿ ಅಗಲ. ಎರಡನೇ ನಕ್ಷೆಯಲ್ಲಿ ಗ್ಯಾರೇಜು ಮನೆಗೆ ಸಮಾನಾಂತರವಾಗಿ, ಚೆಂದವಾಗಿ ಇತ್ತು. ಓಣಿಯಿಂದ ಗೇಟಿಗೆ ನೇರ ಅಡ್ಡ ತಿರುವು. ಓಣಿ 10 ಅಡಿ, ಗೇಟು 14 ಅಡಿ. ಕಾಗದದಲ್ಲಿ ಎಲ್ಲ ಸರಿ.

ಚೌಕಟ್ಟು ಹೊತ್ತು ಓಣಿಯಲ್ಲಿ ಬಂದು ತಿರುಗಿಸಿದ್ರು. ಮೂತಿ ಗೇಟಿನ ಒಳಗೆ ಹೋಗುವ ಮೊದಲೇ ಬಾಲ ಎದುರಿನ ಕಾಂಪೌಂಡಿಗೆ ತಾಗಿತು. ಹಿಂದೆ, ಮುಂದೆ, ಓರೆ, ಏನು ಮಾಡಿದ್ರೂ ಇಲ್ಲ. ಕಾರು ಸ್ಟೇರಿಂಗ್ ತಿರುಗಿಸಿ ಒಳಗೆ ಬರ್ತದೆ, ದೋಣಿ ಬಗ್ಗೋದಿಲ್ಲ.

ಹಾಗಾಗಿ ಈಗ ಗ್ಯಾರೇಜು ಓಣಿಯ ನೇರಕ್ಕೆ. ಹೊಳೆಯ ಕಡವಿನಿಂದ ಬರುವ ಓಣಿ, ನಮ್ಮ ಜಾಗದ ಮೂಲೆ, ಗೇಟು, ಗ್ಯಾರೇಜಿನ ಹಿಂದಿನ ಗೋಡೆ, ಎಲ್ಲ ಒಂದೇ ಗೆರೆ. ತಿರುವೇ ಇಲ್ಲ. ಮನೆಯ ಪಕ್ಕ ಗ್ಯಾರೇಜು ಮಾತ್ರ ಸ್ವಲ್ಪ ಓರೆಯಾಗಿ ನಿಲ್ತದೆ. "ನೋಡಲಿಕ್ಕೆ ಸೊಟ್ಟ ಕಾಣ್ತದೆ" ಅಂತ ಎಂಜಿನಿಯರಿಗೆ ಇನ್ನೂ ಬೇಸರ.

ಹೊಳೆ ದಂಡೆಯಲ್ಲೇ ಕಟ್ಟಬಹುದಿತ್ತಲ್ಲ ಅಂತ ಕೇಳ್ಬಹುದು. 2019ರ ಸಿಆರ್‌ಝಡ್ ಅಧಿಸೂಚನೆಯ ಪ್ರಕಾರ ಉಬ್ಬರದ ನೀರು ಬರುವ ಹೊಳೆಗಳಲ್ಲಿ ಉಬ್ಬರದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಜಾಗ ನಿಯಂತ್ರಣದಲ್ಲಿ ಇರ್ತದೆ. ನಮ್ಮ ಮನೆ ಅದರಿಂದ ಹೊರಗೆ. ಗ್ಯಾರೇಜೂ ಹೊರಗೇ ಇರಲಿ ಅಂತ ಇಲ್ಲಿಗೇ ತಂದ್ವಿ.

6/8

ಇನ್ನು ನೆಲ, ಗೋಡೆ, ಗಾಳಿ.

ನೆಲಕ್ಕೆ ಟೈಲ್ಸ್ ಇಲ್ಲ, ಒರಟು ಕಾಂಕ್ರೀಟು. ಹಿಂದಿನಿಂದ ಬಾಗಿಲ ಕಡೆಗೆ 32 ಅಡಿಗೆ 4 ಇಂಚು ಇಳಿಜಾರು. ತೊಳೆದ ನೀರು ಹೊರಗೆ ಹರೀತದೆ, ದೋಣಿಗೂ ಹೊರಡೋಕೆ ಮನಸ್ಸು ಬರ್ತದೆ. ಹಿಂದಿನ ಗೋಡೆಯ ಬುಡದಲ್ಲಿ ಕಾಂಕ್ರೀಟಿಗೆ ಹುಗಿದ ಕಬ್ಬಿಣದ ಬಳೆ. ಅದಕ್ಕೆ ಚೈನ್ ಪುಲ್ಲಿ ಸಿಕ್ಕಿಸಿದ್ರೆ ಒಳಗೆ ಎಳೆಯೋಕೆ ಒಬ್ಬರು ಸಾಕು. ಇಳಿಸುವಾಗ ಅದೇ ಚೈನು ಹಿಡಿತ. ಆರು ಜನರಲ್ಲಿ ನಾಲ್ಕು ಜನರ ಕೆಲಸ ಈ ಬಳೆ ಮತ್ತು ಗಾಡಿಯ ಎರಡು ಟೈರು ಮಾಡ್ತವೆ. ಟೈರು ಗುಜರಿಯ ಮಾರುತಿ ವ್ಯಾನಿನದ್ದು. ಉಪ್ಪುನೀರಿಗೆ ಇಳಿದ ಬೇರಿಂಗಿಗೆ ಪ್ರತಿ ಸಲ ಗ್ರೀಸ್ ಹಾಕ್ಲೇಬೇಕು.

ಮಳೆಗಾಲದಲ್ಲಿ ದೋಣಿಯ ಭಾರ ಪೂರ್ತಿ ಮಧ್ಯದ ಕೀಲಿನ ಮೇಲೆ, ಕೊರಡುಗಳ ಮೇಲೆ ಕೂತಿರ್ಬೇಕು. ಬದಿಯ ಆಧಾರ ಬೀಳದ ಹಾಗೆ ಹಿಡಿಯೋಕೆ ಮಾತ್ರ. ಬದಿಗೆ ಭಾರ ಬಿದ್ರೆ ಫೈಬರ್ ನಿಧಾನಕ್ಕೆ ಒಳಗೆ ಕುಸೀತದೆ. ಮೂತಿ ಸ್ವಲ್ಪ ಮೇಲೆ, ಹಿಂದಿನ ಬೂಚು ತೆಗೆದಿಡ್ಬೇಕು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದು ಪಡುವಣದಿಂದ, ನೈರುತ್ಯದಿಂದ ಇರಿಚಲು ಹೊಡೀತದೆ. ಹಾಗಾಗಿ ಪಡುಗೋಡೆ ಮಾತ್ರ ಪೂರ್ತಿ ಕೆಂಪು ಕಲ್ಲು. ಬದಿಗಳು ಅರ್ಧ ಗೋಡೆ, ಮೇಲೆ ಜಾಲಿ. ಬಾಯಿ ಮೂಡಕ್ಕೆ, ಹೊಳೆಯ ಕಡೆಗೆ. ರೋಲಿಂಗ್ ಶಟರ್ ಬೇಡ ಅಂದ್ವಿ. ಉಪ್ಪುಗಾಳಿಗೆ ಅದು ತುಕ್ಕು ಹಿಡಿದು, ಬೇಕಾದ ದಿನವೇ ಸಿಕ್ಕಿಕೊಳ್ತದೆ.

ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಕೂರ್ತದೆ. ಮೇಲೆ ಕಿಟಕಿ ಇಟ್ರೆ ಸಾಲದು. ಗೋಡೆಯ ಬುಡದಲ್ಲೂ ತೂತು ಬೇಕು. ಸೀಮೆಎಣ್ಣೆ, ಪೆಟ್ರೋಲ್ ಕ್ಯಾನು ಬೇರೆ ಕಡೆ. ಎಂಜಿನ್ ಸಿಹಿನೀರಿನಲ್ಲಿ ಓಡಿಸಿ ತೊಳೆದು, ನೆಟ್ಟಗೆ ಸ್ಟ್ಯಾಂಡಿನಲ್ಲಿ.

ಹತ್ತಿರದ ತೆಂಗಿನ ಮರ? ಕಾಯಿ ಬಿದ್ರೆ ಹೆಂಚು ಒಡೆದು ದೋಣಿಗೇ ಬೀಳ್ತದೆ. ಮರ ಕಡಿಯೋಕೆ ಅಮ್ಮ ಬಿಡೋದಿಲ್ಲ. ಹಾಗಾಗಿ ಕಾಯಿ ಕೀಳಿಸೋ ಕೆಲಸ ಮೇ ತಿಂಗಳಿಗೇ ನಿಗದಿ.

7/8

ಈಗ ಕಷ್ಟದ ವಿಷಯ.

ಅಣ್ಣ ಬೆಂಗಳೂರಿನಲ್ಲಿ ಇದ್ದಾನೆ. ಮನೆ ಸಾಲದ ಕಂತಿನಲ್ಲಿ ಅರ್ಧ ಅವನದ್ದು. ಅವನ ಲೆಕ್ಕ ತಪ್ಪೇನಲ್ಲ. "384 ಚದರಡಿ. ವರ್ಷದಲ್ಲಿ ಒಂಬತ್ತು ತಿಂಗಳು ಖಾಲಿ. ಅಲ್ಲಿ ಒಂದು ರೂಮು, ಬಾತ್‌ರೂಮು ಕಟ್ಟಿದ್ರೆ ಬಾಡಿಗೆ ಬರ್ತದೆ. ಅಪ್ಪಯ್ಯ ಇನ್ನೆಷ್ಟು ವರ್ಷ ದೋಣಿ ನಡೆಸ್ತಾರೆ, ಹೇಳು?"

ಫೋನು ಸ್ಪೀಕರಿನಲ್ಲಿತ್ತು. ಅಪ್ಪಯ್ಯ ಚಿಟ್ಟೆಯ ಮೇಲೆ ಬಲೆ ಹೊಲೀತಾ ಇದ್ರು. ಸೂಜಿ ನಿಲ್ಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದ್ರು, "ಅಂವ ಹೇಳುದ್ ಸಮ. ರೂಮೇ ಕಟ್ಟಿ."

ಅದು ಒಪ್ಪಿಗೆ ಅಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಾಯ್ತು. ಬೆಂಗಳೂರಿನಲ್ಲಿದ್ದವನಿಗೂ ಗೊತ್ತಾಯ್ತು.

ನಾನು ಅಣ್ಣನಿಗೆ ಹೇಳಿದ್ದು ಮೂರು ಮಾತು. ಒಂದು, ಖಾಲಿ ಇರುವ ಒಂಬತ್ತು ತಿಂಗಳು ಅಲ್ಲಿ ಕೊಬ್ಬರಿ ಒಣಗಿಸ್ಬಹುದು, ಬಲೆ ಹೊಲೀಬಹುದು, ಅವನು ಬಂದಾಗ ಕಾರು ನಿಲ್ಲಿಸ್ಬಹುದು. ಎರಡು, ಮನೆ ಕಟ್ಟುವಾಗ ಸಿಮೆಂಟು ಇಡೋಕೆ ಹೇಗೂ ಒಂದು ಶೆಡ್ ಬೇಕು. ದೋಣಿ ಮಾಡನ್ನೇ ಮೊದಲು ಎಬ್ಬಿಸಿದ್ರೆ ಆ ಖರ್ಚು ಉಳೀತದೆ. ಮೂರು, ಇದರ ಅಂದಾಜು ಮೂರೂವರೆ ಲಕ್ಷ ನನ್ನ ಚೀಟಿ ದುಡ್ಡಿನಿಂದ. ಸಾಲಕ್ಕೆ ಸೇರಿಸೋದಿಲ್ಲ.

ನಾಲ್ಕನೆಯದು ಹೇಳಲಿಲ್ಲ. ಇನ್ನೆಷ್ಟು ವರ್ಷ ಅನ್ನೋದನ್ನು ಅಪ್ಪಯ್ಯ ಹೇಳ್ಬೇಕು. ದೋಣಿಗೆ ಜಾಗ ಕೊಡದೆ ನಾವು ಅದನ್ನು ತೀರ್ಮಾನ ಮಾಡೋ ಹಾಗಾಗ್ಬಾರ್ದು.

ಅಣ್ಣ ಇನ್ನೂ ಪೂರ್ತಿ ಒಪ್ಪಿಲ್ಲ. ಬೇಡ ಅಂತಲೂ ಹೇಳ್ತಾ ಇಲ್ಲ.

8/8

ಕೇರಳದಲ್ಲಿ ಆರನ್ಮುಳದ ಕಡೆ ಪಂಪಾ ಹೊಳೆ ದಂಡೆಯ ಊರುಗಳಲ್ಲಿ ಪಳ್ಳಿಯೋಡ ಅನ್ನುವ ನೂರು ಅಡಿ ಉದ್ದದ ದೋಣಿಗಳಿಗೆ ಬೇರೆಯೇ ಮನೆ ಇರ್ತದೆ. ಅದು ಇಡೀ ಊರಿನ ಆಸ್ತಿ. ಅದೇ ರಾಜ್ಯದಲ್ಲಿ 2018ರ ಆಗಸ್ಟಿನಲ್ಲಿ ನೆರೆ ಬಂದಾಗ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಏರಿಸಿ, ಮುಳುಗಿದ ಊರುಗಳಿಗೆ ತಾವಾಗಿ ಹೋದ್ರು. ಸಾವಿರಾರು ಜನರನ್ನು ಉಳಿಸಿದ್ರು. ನೆನಪಿರ್ಬಹುದು ನಿಮಗೆ.

ಅದರಿಂದ ನಮ್ಮ ಗ್ಯಾರೇಜಿಗೆ ಒಂದು ನಿಯಮ ಬಂತು. ಹೊಳೆ ಉಕ್ಕೋದು ದೋಣಿ ಒಳಗೆ ಇರುವ ತಿಂಗಳುಗಳಲ್ಲೇ. ಹಾಗಾಗಿ ಜೂನಿನಿಂದ ಆಗಸ್ಟಿನವರೆಗೆ ದೋಣಿಯ ಮುಂದೆ ಏನೂ ಇಡೋ ಹಾಗಿಲ್ಲ. ಅಣ್ಣನ ಕಾರೂ ಇಲ್ಲ, ಸಿಮೆಂಟ್ ಚೀಲವೂ ಇಲ್ಲ. ಎರಡು ಹುಟ್ಟು ದೋಣಿಯೊಳಗೇ. ಬೂಚು ಹಗ್ಗದಲ್ಲಿ ಕಟ್ಟಿ ಅಲ್ಲೇ. ಗಾಡಿ ಪಕ್ಕದಲ್ಲೇ, ಟೈರಿನಲ್ಲಿ ಗಾಳಿ ತುಂಬಿ.

ಈ ಫೋಟೋ ನಿನ್ನೆಯದ್ದು. ಕಂಬಗಳು ಎದ್ದಿವೆ, ಹಿಂದಿನ ಗೋಡೆ ಸೊಂಟದ ಮಟ್ಟಕ್ಕೆ ಬಂದಿದೆ, ಕಬ್ಬಿಣದ ಬಳೆ ಕೂತಿದೆ. ಮಳೆ ಹಿಡಿಯುವ ಮೊದಲು ಹೆಂಚು ಏರ್ಬೇಕು. ಮನೆಯ ಗೋಡೆ ಮಳೆಗಾಲ ಕಳೆದ ಮೇಲೆ. ಬಾಗಿಲು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಮರದ ಎರಡು ಹಲಗೆಯಾ, ಪೈಪಿನ ಗೇಟಾ, ಅಥವಾ ಹಳೆ ಬಲೆಯ ಪರದೆ ಸಾಕಾ? ಕರಾವಳಿಯವರು ಯಾರಾದ್ರೂ ಅನುಭವ ಇದ್ರೆ ತಿಳಿಸಿ.

ನಾನು ಎಂಜಿನ್ ಸ್ಟಾರ್ಟ್ ಮಾಡೋದು ಕಲೀತಿದ್ದೇನೆ, ಸ್ಟ್ಯಾಂಡಿನ ಮೇಲೆ ಇಟ್ಟು, ಕೆಳಗೆ ನೀರಿನ ಡ್ರಮ್ಮು ಇಟ್ಟು. ಹಗ್ಗ ಎಳೆದೂ ಎಳೆದೂ ಭುಜ ಹಿಡ್ಕೊಂಡಿದೆ. "ಕೈಯಂಗ್ ಎಳುದಲ್ಲ, ಸೊಂಟ್ದಂಗ್ ಎಳಿ" ಅಂತಾರೆ ಅಪ್ಪಯ್ಯ. ನೂಲ ಹುಣ್ಣಿಮೆಯೊಳಗೆ ಬರ್ಬೇಕಂತೆ.

ಮುಂದಿನ ಕಂತು: ಬಾವಿಕಟ್ಟೆ.

#ಮನೆಕಟ್ಟುವಕಥೆ #ದೋಣಿಮಾಡು #ಕುಂದಾಪ್ರ #ಪಂಚಗಂಗಾವಳಿ #ಅಪ್ಪಯ್ಯ