ಮುಂದಕ್ಕೆ ವಾಲಿದ ಅಕ್ಷರಗಳು

ರೇಸ್ ಕಾರಿನ ಮೈ, ಸ್ಪೋರ್ಟ್ಸ್ ಶೂ ಡಬ್ಬ, ವಿಡಿಯೊ ಗೇಮಿನ ಶೀರ್ಷಿಕೆ, ಎಲ್ಲಿ ನೋಡಿದರೂ ಒಂದೇ ಜಾತಿಯ ಅಕ್ಷರ. ದಪ್ಪ ಮೈ, ಕೊಯ್ದಂಥ ಮೂಲೆ, ಬಲಕ್ಕೆ ಹತ್ತು ಹದಿನೈದು ಡಿಗ್ರಿ ವಾಲಿದ ನಿಲುವು. ನಿಂತಲ್ಲೇ ನಿಂತಿದ್ದರೂ ಅವಸರ ಮಾತ್ರ ಹೇಳತೀರದು.

ಅಕ್ಷರ ವಾಲಿಸುವುದು ಹಳೆಯ ಕಸುಬೇ. ವೆನಿಸ್‌ನ ಮುದ್ರಕ ಆಲ್ಡಸ್ ಮನೂಷಿಯಸ್ 1501ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಪುಟ್ಟ ಪುಸ್ತಕವಾಗಿ ಅಚ್ಚು ಹಾಕಿಸಿದಾಗ, ಅಚ್ಚುಮೊಳೆ ಕೊರೆಯುವ ಫ್ರಾಂಚೆಸ್ಕೊ ಗ್ರಿಫೊ ಮಾಡಿಕೊಟ್ಟದ್ದು ಓರೆ ಅಕ್ಷರವನ್ನೇ. ಅದಕ್ಕೆ ಮಾದರಿ ವಿದ್ವಾಂಸರ ಕೈಬರಹ. ದೊಡ್ಡಕ್ಷರಗಳಂತೂ ನೆಟ್ಟಗೇ ಇದ್ದವು. ಓಟದ ಸುಳಿವೇ ಅಲ್ಲಿರಲಿಲ್ಲ.

ಓರೆಗೂ ವೇಗಕ್ಕೂ ಗಂಟು ಬೀಳುವುದರಲ್ಲಿ ಕ್ಯಾಮೆರಾದ ಕೈವಾಡವಿದೆ. ಫ್ರಾನ್ಸಿನ ಝಾಕ್ ಆನ್ರಿ ಲಾರ್ತಿಗ್ ಹದಿಹರೆಯದಲ್ಲಿ ತೆಗೆದ, 1912ರದ್ದೆಂದು ಹೆಸರಾದ ಗ್ರ್ಯಾನ್ ಪ್ರಿ ಚಿತ್ರವನ್ನೇ ನೋಡಿ. ಕಾರಿನ ಚಕ್ರ ಮೊಟ್ಟೆಯಾಕಾರವಾಗಿ ಮುಂದಕ್ಕೆ ಬಾಗಿದೆ. ರಸ್ತೆಬದಿಯ ಪ್ರೇಕ್ಷಕರು ಗಾಳಿಗೆ ಸಿಕ್ಕವರಂತೆ ಹಿಂದಕ್ಕೆ ವಾಲಿದ್ದಾರೆ. ಕ್ಯಾಮೆರಾದೊಳಗಿನ ಪರದೆಯ ಸೀಳು ಸರಿಯುತ್ತ ಚಿತ್ರವನ್ನು ಪಟ್ಟಿಪಟ್ಟಿಯಾಗಿ ಹಿಡಿಯುತ್ತಿತ್ತು. ಚಕ್ರದ ಬುಡ ಮೊದಲು ದಾಖಲಾಗಿ, ತುದಿಯ ಸರದಿ ಬರುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಹುಡುಗ ಕಾರು ಹೋದ ದಿಕ್ಕಿಗೇ, ಆದರೆ ಅದಕ್ಕಿಂತ ನಿಧಾನವಾಗಿ, ಕ್ಯಾಮೆರಾ ತಿರುಗಿಸಿದ್ದರಿಂದ ನಿಂತವರು ಹಿಂದಕ್ಕೆ ಬಾಗಿದರು. ಯಂತ್ರದ ಈ ಕುಂದನ್ನು ವ್ಯಂಗ್ಯಚಿತ್ರಕಾರರು ಇಂದಿಗೂ ಬಿಟ್ಟಿಲ್ಲ: ಓಡುವ ಕಾರಿಗೆ ಅವರು ಬರೆಯುವುದು ವಾಲಿದ ಚಕ್ರವನ್ನೇ.

ಭವಿಷ್ಯದ ಕಳೆ ಬಂದದ್ದು ಬೇರೆ ಕಡೆಯಿಂದ. ಇಟಲಿಯ ಆಲ್ಡೊ ನೊವಾರೆಸೆ 1962ರಲ್ಲಿ ರೂಪಿಸಿದ ಯೂರೊಸ್ಟೈಲ್‌ನ ಅಕ್ಷರಗಳು ಹಳೆಯ ಟಿವಿ ಪರದೆಯಂತೆ ದುಂಡು ಮೂಲೆಯ ಚೌಕಗಳು. ನಿರ್ದೇಶಕ ಕುಬ್ರಿಕ್‌ನ 1968ರ ಬಾಹ್ಯಾಕಾಶ ಸಿನಿಮಾದಲ್ಲಿ ಅವು ಕಾಣಿಸಿಕೊಂಡವು. ಆ ಚೌಕವನ್ನು ದಪ್ಪ ಮಾಡಿ ಓರೆಗೆ ತಳ್ಳಿದರೆ ಇಂದಿನ ರೇಸಿಂಗ್ ಫಾಂಟ್ ಹೆಚ್ಚುಕಮ್ಮಿ ಸಿದ್ಧ.

ಫಾರ್ಮುಲಾ ಒನ್ 2017ರವರೆಗೆ ಬಳಸಿದ ಲಾಂಛನದಲ್ಲಿ ಕಪ್ಪು ಎಫ್‌ಗೂ ಕೆಂಪು ಗೀರುಗಳಿಗೂ ನಡುವಿನ ಬಿಳಿ ಜಾಗವೇ ಒಂದರ ಅಂಕಿ. ಎಷ್ಟೋ ಅಭಿಮಾನಿಗಳಿಗೆ ಅದು ವರ್ಷಗಟ್ಟಲೆ ಕಣ್ಣಿಗೇ ಬೀಳಲಿಲ್ಲ. ಆಮೇಲೆ ಬಂದ ಲಾಂಛನವೂ ಓರೆಯೇ.

ಕನ್ನಡದ ಪಾಡು ಬೇರೆ. ನಮ್ಮ ಅಕ್ಷರಗಳು ಬಹುಮಟ್ಟಿಗೆ ದುಂಡು. ಓರೆಯನ್ನು ತೋರಿಸಿಕೊಡುವ ನೆಟ್ಟನೆ ಕಂಬಗಳೇ ಕಡಿಮೆ. ಡಿಟಿಪಿಯಲ್ಲಿ ಇಟಾಲಿಕ್ ಗುಂಡಿ ಒತ್ತಿದರೆ ಗಣಕ ಅಕ್ಷರವನ್ನು ಸುಮ್ಮನೆ ಪಕ್ಕಕ್ಕೆ ತಳ್ಳುತ್ತದೆ. ‘ಠ’ದ ಸುತ್ತು ಮೇಲೆ ಬಲಕ್ಕೂ ಕೆಳಗೆ ಎಡಕ್ಕೂ ಊದಿಕೊಂಡು, ಉಳಿದೆರಡು ಕಡೆ ಸೊರಗುತ್ತದೆ. ಬಲ್ಲವರು ಒಂದೊಂದು ಸುತ್ತನ್ನೂ ಮತ್ತೆ ತಿದ್ದಬೇಕು. 2022ರಲ್ಲಿ ಬಂದ ‘ಅನೇಕ್ ಕನ್ನಡ’ ಫಾಂಟಿನಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದು, ಓರೆ ಮಾತ್ರ ಅದರಲ್ಲಿಲ್ಲ. ನಿಜ ಹೇಳಬೇಕೆಂದರೆ, ಕನ್ನಡಕ್ಕೆ ವೇಗ ತರಲು ಓರೆಗಿಂತ ತಲೆಕಟ್ಟೇ ವಾಸಿ. ಅದನ್ನು ಬಲಕ್ಕೆ ಚೂಪಾಗಿ ಎಳೆದರೆ ಸಾಕು, ಪದ ಹೊರಟು ನಿಲ್ಲುತ್ತದೆ.