ಬೆರಳಿನಷ್ಟು ಜಾಗ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದ ಸುತ್ತ ಒಂದು ಕಪ್ಪು ಗೆರೆ ಇತ್ತು. ಕೊಳದ ಅಂಚಿನ ಕಲ್ಲು ಮುಗಿದು ಓಡಾಡುವ ಡೆಕ್ ಶುರುವಾಗುವ ಕಡೆ ಬೆರಳಿನಷ್ಟು ಅಗಲದ ಸಂದು, ಅದರೊಳಗೆ ರಬ್ಬರಿನಂಥ ಮೆತ್ತನೆಯ ವಸ್ತು. ಅಲ್ಲಲ್ಲಿ ಹರಿದು ಹುಲ್ಲು ಎದ್ದಿತ್ತು, ಇರುವೆಗಳು ಮನೆ ಮಾಡಿಕೊಂಡಿದ್ದವು. ನಾಲ್ಕು ವರ್ಷದ ಹಿಂದೆ ಡೆಕ್‌ನ ಟೈಲ್ಸ್ ಬದಲಿಸುವಾಗ ಸಂಘದ ಪರವಾಗಿ ಉಸ್ತುವಾರಿ ನನ್ನದು. "ಈ ಸಂದಿಗೂ ಸಿಮೆಂಟ್ ತುಂಬಿ ಒಂದೇ ಸಮ ಮಾಡಿಬಿಡಿ" ಎಂದೆ ಮೇಸ್ತ್ರಿಗೆ.

"ಬೇಡ ಸಾರ್. ತೊಟ್ಟಿ ಬೇರೆ, ಹೊರಗಿನ ನೆಲ ಬೇರೆ. ಒಂದು ಅಲ್ಲಾಡಿದ್ರೆ ಇನ್ನೊಂದನ್ನ ಎಳ್ಕೊಂಡು ಹೋಗ್ಬಾರ್ದು."

ಕಾಂಕ್ರೀಟು ಎಲ್ಲಾದರೂ ಅಲ್ಲಾಡುತ್ತದೆಯೇ ಎಂದು ನಕ್ಕೆ. ಅವರು ಮತ್ತೆ ಮಾತಾಡದೆ ತುಂಬಿದರು. ನೋಡಲು ಚೆನ್ನಾಗಿಯೇ ಇತ್ತು.

ಏಪ್ರಿಲ್ ಬಿಸಿಲಿಗೆ ಅಂಚಿನ ಟೈಲ್ಸ್ ಹಪ್ಪಳದ ಹಾಗೆ ಉಬ್ಬಿ ಎದ್ದವು. ಕಲ್ಲು ಬಿರುಕುಬಿಟ್ಟಿತು. ಒಂದು ಮಗುವಿನ ಕಾಲು ಕೊಯ್ದು ರಕ್ತ ಬಂತು. ಸಭೆಯಲ್ಲಿ ಎಲ್ಲರೂ "ಕಳಪೆ ಕೆಲಸ" ಎಂದರು. ಮೇಸ್ತ್ರಿಯ ಕೊನೆಯ ಕಂತನ್ನು ತಡೆಹಿಡಿಯಬೇಕೆಂದು ನಡಾವಳಿ ಬರೆದವನು ನಾನೇ. ಅವರು ಬೇಡವೆಂದಿದ್ದು ನೆನಪಿತ್ತು. ಬಾಯಿ ಬಿಡಲಿಲ್ಲ.

ರಿಪೇರಿಗೆ ಬಂದ ಇಂಜಿನಿಯರ್ ಲೆಕ್ಕ ಬಿಡಿಸಿ ಹೇಳಿದರು. 10 ಮೀಟರ್ ಉದ್ದ, 5 ಮೀಟರ್ ಅಗಲ, 1.2 ಮೀಟರ್ ಆಳದ ನಮ್ಮ ಕೊಳದಲ್ಲಿ ನೀರಿನ ತೂಕವೇ 60 ಟನ್. ತೊಟ್ಟಿ ಆ ಭಾರ ಹೊತ್ತು ನೆಲದೊಳಗೆ ತಂಪಾಗಿ ಕೂತಿರುತ್ತದೆ. ಡೆಕ್ ಹಾಗಲ್ಲ, ತುಂಬಿದ ಮಣ್ಣಿನ ಮೇಲಿನ ತೆಳು ಹಾಸು. ಹಗಲು ಕಾಯುತ್ತದೆ, ರಾತ್ರಿ ಆರುತ್ತದೆ, ಮಣ್ಣು ಕುಸಿದಂತೆ ತಾನೂ ಇಳಿಯುತ್ತದೆ. 10 ಮೀಟರ್ ಕಾಂಕ್ರೀಟು 20 ಡಿಗ್ರಿ ಹೆಚ್ಚು ಕಾದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಅಂಚಿನ ಕಲ್ಲನ್ನೇ ತಳ್ಳುತ್ತದೆ. ಆ ಜಾಗಕ್ಕೇ ಎಕ್ಸ್‌ಪಾನ್ಷನ್ ಜಾಯಿಂಟ್ ಅನ್ನುವುದು.

ತುಂಬಿದ್ದ ಸಿಮೆಂಟನ್ನು ಕಟರ್‌ನಿಂದ ಕೊಯ್ದು ತೆಗೆದರು. ಟೈಲ್ಸ್ ಮಟ್ಟಕ್ಕೆ ನಿಲ್ಲಿಸದೆ, ಕೆಳಗಿನ ಕಾಂಕ್ರೀಟೂ ಬೇರೆಯಾಗುವವರೆಗೆ ಇಳಿದರು. ಸಂದಿಗೆ ಮೊದಲು ಫೋಮಿನ ಹಗ್ಗ, ಅದರ ಮೇಲೆ ಪಾಲಿಸಲ್ಫೈಡ್ ಸೀಲೆಂಟ್. ಸೀಲೆಂಟ್ ಎರಡು ಪಕ್ಕಕ್ಕೆ ಮಾತ್ರ ಅಂಟಬೇಕು. ತಳಕ್ಕೂ ಅಂಟಿಕೊಂಡರೆ ಸಂದು ಅಗಲವಾದಾಗ ಹಿಗ್ಗಲಾಗದೆ ಹರಿಯುತ್ತದೆ. ಅದಕ್ಕೇ ಹಗ್ಗ.

ಮುಂದಿನ ಸಭೆಯಲ್ಲಿ ಎದ್ದು ನಿಂತು ನಡೆದದ್ದನ್ನು ಹೇಳಿದೆ. ನಡಾವಳಿ ತಿದ್ದಿಸಿದೆ. ಬಾಕಿ ಹಣ ಹಿಡಿದು ಮೇಸ್ತ್ರಿ ಕೆಲಸ ಮಾಡುತ್ತಿದ್ದ ಇನ್ನೊಂದು ಸೈಟಿಗೆ ಹೋದೆ. "ತಪ್ಪು ನನ್ನದು" ಎಂದೆ. ಅವರು ಎಣಿಸದೆ ಜೇಬಿಗಿಟ್ಟುಕೊಂಡರು.

"ಆ ರಬ್ಬರ್ ಶಾಶ್ವತ ಅಲ್ಲ ಸಾರ್. ವರ್ಷಕ್ಕೊಂದ್ಸಲ ನೋಡ್ತಾ ಇರಿ. ಹರಿದ ಕಡೆ ಕಿತ್ತು ಹೊಸದು ಹಾಕ್ಸಿ."

ಮೊದಲೆಲ್ಲ ನಾನು ಹೋದರೆ ಹುಡುಗನನ್ನು ಕಳಿಸಿ ಟೀ ತರಿಸುತ್ತಿದ್ದರು. ಅವತ್ತು ತರಿಸಲಿಲ್ಲ.

ಪ್ರತಿ ಮಾರ್ಚಿನಲ್ಲಿ ಕೊಳದ ಸುತ್ತ ಕುಕ್ಕರುಗಾಲಲ್ಲಿ ಕೂತು, ಆ ಕಪ್ಪು ಗೆರೆಯ ಮೇಲೆ ಬೆರಳಾಡಿಸುತ್ತ ಒಂದು ಸುತ್ತು ಬರುತ್ತೇನೆ.