ಪ್ರೋಗ್ರಾಮಿಗೂ ಸಾಧನೆ ಬರೆಯುವ ಊರುಗಳಲ್ಲಿ

ಎಡಿನ್‌ಬರೋಗೆ ಬಂದವರೆಲ್ಲ ಬೆಟ್ಟದ ಮೇಲಿನ ಕೋಟೆಯತ್ತ ಹೋಗುತ್ತಾರೆ. ನನಗೆ ಅಲ್ಲಿನ ವಿಶ್ವವಿದ್ಯಾಲಯ ನೋಡುವ ತವಕ. 1973ರಲ್ಲಿ ರಾಬಿನ್ ಮಿಲ್ನರ್ ಇಲ್ಲಿಗೆ ಬಂದರು. ಪ್ರಮೇಯಗಳ ಸಾಧನೆಯನ್ನು ಕಂಪ್ಯೂಟರಿನಿಂದ ಪರೀಕ್ಷಿಸುವ ಎಲ್‌ಸಿಎಫ್ ವ್ಯವಸ್ಥೆಯನ್ನೂ ಅದಕ್ಕೆಂದೇ ಎಂಎಲ್ ಎಂಬ ಭಾಷೆಯನ್ನೂ ಸಂಗಡಿಗರೊಡನೆ ಕಟ್ಟಿದರು. ಅವರ ಯುಕ್ತಿ ಈಗಲೂ ಮೈ ನವಿರೇಳಿಸುತ್ತದೆ. ‘ಪ್ರಮೇಯ’ ಎಂಬುದನ್ನೇ ಅವರು ಭಾಷೆಯ ಒಂದು ಟೈಪ್, ಅಂದರೆ ವಸ್ತುಗಳ ಒಂದು ಬಗೆ, ಮಾಡಿಬಿಟ್ಟರು. ತರ್ಕದ ಒಪ್ಪಿತ ನಿಯಮಗಳನ್ನು ಬಿಟ್ಟು ಬೇರೆ ಯಾವ ದಾರಿಯಲ್ಲೂ ಆ ಟೈಪಿನ ವಸ್ತು ಹುಟ್ಟುವುದಿಲ್ಲ. ಸುಳ್ಳು ಪ್ರಮೇಯವನ್ನು ತೂರಿಸಲು ಹೋದರೆ ಭಾಷೆಯೇ ಅಡ್ಡ ನಿಲ್ಲುತ್ತದೆ. ಕಲ್ಲು ಹಾಸಿದ ಬೀದಿಗಳಲ್ಲಿ ಎದುರುಗಾಳಿ ಛತ್ರಿಯನ್ನು ಮೇಲುಕೆಳಗು ಮಾಡುತ್ತಿದ್ದರೂ ನನ್ನ ತಲೆ ತುಂಬ ಅದೇ ಗುಂಗು.

ಮರುದಿನ ರೈಲು. 1890ರ ಕೆಂಪು ಫೋರ್ತ್ ಸೇತುವೆ ದಾಟುವಾಗ ಬೋಗಿಯಲ್ಲಿದ್ದವರೆಲ್ಲ ಕಿಟಕಿಗೆ ಮುಖ ಹಚ್ಚುತ್ತಾರೆ. ಸೇಂಟ್ ಆಂಡ್ರೂಸ್‌ನಂಥ ಹೆಸರಾಂತ ಊರಿಗೆ ರೈಲು ನಿಲ್ದಾಣವೇ ಇಲ್ಲ! ಲೂಕರ್ಸ್‌ನಲ್ಲಿ ಇಳಿದು, ಪೆಟ್ಟಿಗೆ ಹೊತ್ತು ಬಸ್ಸಿಗೆ ಕಾಯಬೇಕು. ಕಡಲಂಚಿನ ಮುರುಕು ಕೆಥೆಡ್ರಲ್, ಗಾಲ್ಫ್ ಚೀಲ ಹೊತ್ತ ಪ್ರವಾಸಿಗಳು, ಇವರ ನಡುವೆಯೇ 600 ವರ್ಷ ದಾಟಿದ ವಿಶ್ವವಿದ್ಯಾಲಯ. ಎಡ್ವಿನ್ ಬ್ರಾಡಿ ಇಡ್ರಿಸ್ ಭಾಷೆಯನ್ನು ರೂಪಿಸಿದ್ದು ಇಲ್ಲಿ. ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಎಂಬುದನ್ನೂ ಅದರಲ್ಲಿ ಟೈಪಿನೊಳಗೇ ಬರೆಯಬಹುದು. ತೆರೆದ ಬಾಗಿಲನ್ನು ಮತ್ತೆ ತೆರೆಯಲು ಹೊರಡುವ ಪ್ರೋಗ್ರಾಂ ಕಂಪೈಲ್ ಆಗುವುದೇ ಇಲ್ಲ. ಭಾಷೆಯ ಎರಡನೇ ಆವೃತ್ತಿಯಂತೂ ‘ಈ ವಸ್ತುವನ್ನು ಒಂದೇ ಸಲ ಬಳಸತಕ್ಕದ್ದು’ ಎಂಬ ಕಟ್ಟಳೆಯನ್ನೂ ಪಾಲಿಸುತ್ತದೆ.

ಅಲ್ಲಿಂದ ಸ್ವೀಡನ್ನಿನ ಗೋಥೆನ್‌ಬರ್ಗ್. ರಾತ್ರಿ ಹತ್ತಾದರೂ ಬೆಳಕು ಆರುವುದಿಲ್ಲ. ಏಳಕ್ಕೆ ದೀಪ ಹಚ್ಚಿ ರೂಢಿಯಾದ ನನಗೆ ನಿದ್ದೆ ಹತ್ತುವುದಿಲ್ಲ. ನೀಲಿ-ಬಿಳಿ ಟ್ರಾಮ್ ಹತ್ತಿ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹೋದೆ. ಇಡ್ರಿಸ್‌ನಂಥದ್ದೇ ಆದ ಆಗ್ಡಾ ಇಲ್ಲಿಯ ಭಾಷೆ. ಈಗಿನ ರೂಪವನ್ನು ಉಲ್ಫ್ ನೊರೆಲ್ ತಮ್ಮ 2007ರ ಪ್ರಬಂಧದಲ್ಲಿ ಕಟ್ಟಿಕೊಟ್ಟರು. ಅದರ ಬೇರು ಸ್ಟಾಕ್‌ಹೋಮಿನ ಪೆರ್ ಮಾರ್ಟಿನ್-ಲೋಫ್ 1970ರ ದಶಕದಲ್ಲಿ ಬೆಳೆಸಿದ ಟೈಪ್ ಸಿದ್ಧಾಂತದಲ್ಲಿದೆ. ಕ್ಯಾಂಟೀನಿನಲ್ಲಿ ದಾಲ್ಚಿನ್ನಿ ಬನ್ನು, ಕಾಫಿ. ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕದಿರುವುದೇ ಕ್ಷೇಮ. ಎದುರಿಗೆ ಲ್ಯಾಪ್‌ಟಾಪ್ ಬಿಚ್ಚಿ ಕೂತ ಸಂಶೋಧನಾ ವಿದ್ಯಾರ್ಥಿನಿ, “ನೋಡುತ್ತೀರಾ?” ಎಂದು ಪರದೆಯನ್ನು ನನ್ನತ್ತ ತಿರುಗಿಸುತ್ತಾಳೆ.

ಸಾಮಾನ್ಯ ಭಾಷೆಗಳಲ್ಲಿ ಟೈಪ್ ಎಂದರೆ ಡಬ್ಬದ ಮೇಲೆ ‘ಬೇಳೆ’ ಎಂದು ಚೀಟಿ ಅಂಟಿಸಿದಷ್ಟೇ. ಇಲ್ಲಿ ‘ತೊಗರಿಬೇಳೆ, ಎರಡು ಸೇರು, ಕಲ್ಲು ಆರಿಸಿದ್ದು’ ಎಂದೇ ಬರೆಯಬಹುದು. ಬರೆದದ್ದು ನಿಜವಲ್ಲದಿದ್ದರೆ ಮುಚ್ಚಳ ಕೂರುವುದಿಲ್ಲ. ಆಕೆ ಬರೆಯುತ್ತಿರುವುದು ಪಟ್ಟಿಯೊಂದರ ಮೊದಲ ವಸ್ತುವನ್ನು ಎತ್ತಿಕೊಡುವ ಪುಟ್ಟ ಫಂಕ್ಷನ್. ಪಟ್ಟಿಯ ಉದ್ದ ಅದರ ಟೈಪಿನಲ್ಲೇ ಇದೆ: ಕನಿಷ್ಠ ಒಂದು. ಉತ್ತರದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೀಲಿ ಒತ್ತುತ್ತಾಳೆ. ಅದು ಬಣ್ಣದ ಖಾಲಿ ಕಿಂಡಿಯಾಗುತ್ತದೆ, ಅಲ್ಲಿ ಏನು ಬೇಕೆಂದು ಆಗ್ಡಾ ಕೆಳಗೆ ತಿಳಿಸುತ್ತದೆ. ಇನ್ನೊಂದು ಕೀಲಿ ಒತ್ತಿದರೆ ಪಟ್ಟಿಯ ಸಾಧ್ಯ ರೂಪಗಳನ್ನು ತಾನೇ ಬಿಡಿಸಿಡುತ್ತದೆ. ಬಂದದ್ದು ಒಂದೇ ಸಾಲು! ಖಾಲಿ ಪಟ್ಟಿಯ ಸಾಲು ಬರಲೇ ಇಲ್ಲ. “ಅದು ಇಲ್ಲಿಗೆ ಬರಲಾರದು, ಅದಕ್ಕೇ ಕೇಳಲೂ ಇಲ್ಲ,” ಎಂದು ಆಕೆ ನಗುತ್ತಾಳೆ. ಬೆಂಗಳೂರಿನ ಆಫೀಸುಗಳಲ್ಲಿ ಮೊದಲು ಓಡಿಸು, ಬಿದ್ದರೆ ಟಿಕೆಟ್ ತೆಗೆ, ರಾತ್ರಿ ಕೂತು ಸರಿಮಾಡು ಎನ್ನುವುದನ್ನೇ ಕಂಡ ನನಗೆ, ಓಡುವ ಮುನ್ನವೇ ತಪ್ಪಿನ ದಾರಿ ಮುಚ್ಚುವ ಈ ನೋಟ ಎಷ್ಟು ನೋಡಿದರೂ ಸಾಕೆನಿಸುವುದಿಲ್ಲ.

ಹೊರಡುವ ಮುನ್ನ ಇನ್ನೊಂದು ಸೋಜಿಗ. ಆಗ್ಡಾದಲ್ಲಿ ಹೆಸರುಗಳನ್ನು ಯಾವ ಲಿಪಿಯಲ್ಲಾದರೂ ಇಡಬಹುದು. ನಾನು ಕೀಬೋರ್ಡ್ ಕೇಳಿ ಪಡೆದು ಫಂಕ್ಷನ್ನಿನ ಹೆಸರನ್ನು ‘ಮೊದಲನೆಯದು’ ಎಂದು ಬದಲಿಸಿದೆ. ಆಗ್ಡಾ ಚಕಾರವೆತ್ತದೆ ಒಪ್ಪಿಕೊಂಡಿತು.

ಪ್ಯಾರಿಸ್ಸಿನಲ್ಲಿ ಮೆಟ್ರೊ 14ನೇ ಮಾರ್ಗಕ್ಕೆ ಚಾಲಕನಿಲ್ಲ. ಮುಂದಿನ ಗಾಜಿಗೆ ಮೂಗು ಒತ್ತಿ ನಿಂತ ಪುಟ್ಟ ಹುಡುಗನ ಹಿಂದೆ ನಾನೂ ನಿಂತು, ಸುರಂಗ ನಮ್ಮತ್ತ ನುಗ್ಗಿ ಬರುವುದನ್ನು ನೋಡಿದೆ. 1998ರಲ್ಲಿ ಓಡಲಾರಂಭಿಸಿದ ಈ ರೈಲಿನ ಸುರಕ್ಷತೆಯ ತಂತ್ರಾಂಶ ಸರಿಯಿದೆಯೆಂದು ಬಿ-ಮೆಥಡ್ ಎಂಬ ಗಣಿತ ವಿಧಾನದಿಂದ ಸಾಧಿಸಿ ತೋರಿಸಿದ್ದಾರೆ. ಟೈಪುಗಳಿಗಿಂತ ಬೇರೆ ದಾರಿ ಅದು, ಗುರಿ ಮಾತ್ರ ಒಂದೇ.

ಇದೇ ನಗರದ ಇನ್ರಿಯಾ ಸಂಶೋಧನಾ ಸಂಸ್ಥೆ ಕಾಕ್‌ನ ತವರು. ತಿಯೆರಿ ಕೊಕಾಂ ಮತ್ತು ಜೆರಾರ್ ಹ್ಯುಏ 1984ರಲ್ಲಿ ಶುರುಮಾಡಿದ, ಪ್ರಮೇಯ ಸಾಧಿಸಲು ನೆರವಾಗುವ ಈ ಸಾಧನಕ್ಕೆ ಈಗ ರಾಕ್ ಎಂದು ಹೆಸರು. ಅದರಲ್ಲೇ ಕ್ಸೇವಿಯರ್ ಲೆರ್ವಾ ಮತ್ತು ಸಂಗಡಿಗರು ಸಿ ಭಾಷೆಗೆ ಕಾಂಪ್‌ಸರ್ಟ್ ಎಂಬ ಕಂಪೈಲರನ್ನು, ಅದು ಪ್ರೋಗ್ರಾಮಿನ ಅರ್ಥ ಕೆಡಿಸುವುದಿಲ್ಲ ಎಂಬ ಸಾಧನೆಯ ಸಮೇತ, ಬರೆದರು. 2011ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಯದ್ವಾತದ್ವಾ ಪ್ರೋಗ್ರಾಮುಗಳನ್ನು ಹುಟ್ಟಿಸಿ ಹಲವು ಕಂಪೈಲರ್‌ಗಳ ಮೇಲೆ ಎರಚಿದಾಗ ಒಂದೊಂದರಲ್ಲೂ ಬಗ್ ಸಿಕ್ಕವು. ಕಾಂಪ್‌ಸರ್ಟ್‌ನಲ್ಲೂ ಸಿಕ್ಕವು, ಆದರೆ ಸಾಧನೆ ಮುಟ್ಟದ ಭಾಗಗಳಲ್ಲಿ ಮಾತ್ರ. ಸಾಧಿಸಿದ ಭಾಗದ ಮೇಲೆ ಆರು ಸಿಪಿಯು-ವರ್ಷ ಕಳೆದರೂ ತಪ್ಪು ಲೆಕ್ಕದ ಒಂದು ಬಗ್ಗೂ ದಕ್ಕಲಿಲ್ಲ. ಪ್ರವಾಸದಲ್ಲಿ ನಾನು ಕಂಡ ದೊಡ್ಡ ಸ್ಮಾರಕ ಇದೇ. ಐಫೆಲ್ ಗೋಪುರದ ಉದ್ದನೆಯ ಕ್ಯೂ ನೋಡಿ ದೂರದಿಂದಲೇ ಕೈಮುಗಿದೆ.

ಇದಕ್ಕೆಲ್ಲ ಇಷ್ಟು ಶ್ರಮವೇಕೆ ಎನ್ನುವವರಿಗೆ ಫ್ರಾನ್ಸಿನವರೇ 1996ರ ಜೂನ್ 4ನ್ನು ನೆನಪಿಸುತ್ತಾರೆ. ಅಂದು ಏರಿಯಾನ್ 5 ರಾಕೆಟ್ ಸುಮಾರು 40 ಸೆಕೆಂಡಿನಲ್ಲಿ ಚೂರಾಯಿತು. 64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕದಲ್ಲಿ ತುಂಬಲು ಹೋದದ್ದೇ ಮೂಲ. ಬಳಸಿದ ಏಡಾ ಭಾಷೆಯಲ್ಲಿ ಟೈಪುಗಳಿದ್ದವು. ಆದರೆ ಹಿಂದಿನ ಏರಿಯಾನ್ 4ಕ್ಕೆ ಬರೆದ ಆ ಕೋಡಿನಲ್ಲಿ, ಹೊಸ ರಾಕೆಟ್ಟಿನ ವೇಗ ಈ ಮಿತಿ ಮೀರದು ಎಂಬುದನ್ನು ಸಾಧಿಸಿ ತೋರಿಸೆಂದು ಯಾವ ಟೈಪೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಎಷ್ಟೇ ಬಲವಾದ ಟೈಪೂ ಉತ್ತರ ಕೊಡಲಾರದು.

ಆಗ್ಡಾ, ಇಡ್ರಿಸ್, ರಾಕ್ ಮೂರೂ ಉಚಿತವಾಗಿ ಸಿಗುತ್ತವೆ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತವೆ. ನಮ್ಮ ಹತ್ತನೇ ತರಗತಿಯ ಮಕ್ಕಳಿಗೆ ಥೇಲ್ಸ್ ಪ್ರಮೇಯ ಸಾಧಿಸಲು ಕಲಿಸುವ ಗಣಿತದ ಮೇಷ್ಟ್ರುಗಳು ಒಂದು ಭಾನುವಾರ ಬಿಡುವು ಮಾಡಿಕೊಂಡು ಇವುಗಳ ಮುಂದೆ ಕೂರಬೇಕು. ಆಗ್ಡಾದಲ್ಲಾದರೆ ಹೆಸರುಗಳನ್ನು ಕನ್ನಡದಲ್ಲೇ ಇಟ್ಟುಕೊಳ್ಳಲಿ.